ಅರಳೆನಾಡಿನ ಕಂಚಿನ ಆನೆ

ದಾರಿಗಳಿಗೆ ಇನ್ನೂ ಬಾಯಿದ್ದ ಕಾಲ ಅದು. ಆಗ ಏಳು ಬೆಟ್ಟಗಳ ಆಚೆ ಅರಳೆನಾಡು ಎಂಬ ಒಂದು ರಾಜ್ಯವಿತ್ತು. ಬೊಪ್ಪರಸ ಎಂಬ ಅರಸ ಅದನ್ನು ಆಳುತ್ತಿದ್ದ. ಆ ನಾಡಿನ ಕರಿನೆಲದಲ್ಲಿ ಬೆಳೆದಂಥ ಹತ್ತಿ ಬೇರೆಲ್ಲೂ ಬೆಳೆಯುತ್ತಿರಲಿಲ್ಲ. ಆದರೆ ಅಲ್ಲಿ ಉಪ್ಪಿರಲಿಲ್ಲ, ಕಬ್ಬಿಣವಿರಲಿಲ್ಲ, ಬಣ್ಣವಿರಲಿಲ್ಲ. ಉಪ್ಪು ಕಡಲ ದಂಡೆಯ ಅಳಿವೆನಾಡಿನಿಂದ ಬರಬೇಕು. ಕಬ್ಬಿಣ ಕುಲುಮೆಬೆಟ್ಟದಿಂದ ಬರಬೇಕು. ಬಣ್ಣ ಕಾಡಿನ ನಡುವಣ ಕುಸುಬೆನಾಡಿನಿಂದ ಬರಬೇಕು. ಎತ್ತಿನ ಬೆನ್ನ ಮೇಲೆ ಹತ್ತಿ ಹೇರಿಕೊಂಡು ಹೋಗಿ ಈ ಮೂರನ್ನು ತರುವವರನ್ನು ಹೇರಿನವರು ಎನ್ನುತ್ತಿದ್ದರು.

ಆ ಹೇರಿನವರಲ್ಲಿ ಲಕ್ಕಣನೆಂಬ ಯುವಕನಿದ್ದ. ಅವನು ನೆಲಕ್ಕೆ ಕಿವಿಯಿಟ್ಟರೆ ದಾರಿ ಅವನೊಡನೆ ಮಾತಾಡುತ್ತಿತ್ತು. ನೀರು ಎಲ್ಲಿದೆ, ಹುಲಿ ಎಲ್ಲಿ ಮಲಗಿದೆ, ಯಾವ ಕಣಿವೆ ಎಲ್ಲಿಗೆ ತೆರೆಯುತ್ತದೆ ಎಂದು ಹೇಳುತ್ತಿತ್ತು. ಬೇರೆಯವರು ತಿಂಗಳು ನಡೆಯುವ ದೂರವನ್ನು ಅವನು ಹತ್ತು ದಿನದಲ್ಲಿ ಮುಗಿಸುತ್ತಿದ್ದ. ಅಳಿವೆನಾಡಿಗೆ ಹೋದಾಗಲೆಲ್ಲ ದುಗ್ಗಮ್ಮ ಎಂಬ ಮುದುಕಿಯ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ. ಅವಳು ಉಪ್ಪು ಬೆಳೆಯುವವಳು. ಅವನನ್ನು ಮಗಾ ಎಂದೇ ಕರೆಯುತ್ತಿದ್ದಳು.

ಒಂದು ವರ್ಷ ಅಕಾಲದ ಮಳೆ ಬಂದು ಅಳಿವೆನಾಡಿನ ಉಪ್ಪಿನ ಗದ್ದೆಗಳೆಲ್ಲ ಕರಗಿ ಹೋದವು. ಅರಳೆನಾಡಿನಲ್ಲಿ ಮೂರು ತಿಂಗಳು ಎಲ್ಲರೂ ಸಪ್ಪೆ ಉಂಡರು. ಅರಮನೆಯಲ್ಲಿಯೂ ಸಪ್ಪೆಯೇ. ಬೊಪ್ಪರಸ ಕೆಟ್ಟವನಲ್ಲ, ಆದರೆ ಇನ್ನೊಂದು ನಾಡಿನ ಮುಂದೆ ಕಾದು ಕೂರುವುದು ಅವನಿಗೆ ಅವಮಾನವೆನಿಸಿತು.

ಆಗಲೇ ತಾಮ್ರಾಕ್ಷನೆಂಬ ಮಾಂತ್ರಿಕ ಬಂದ. ಅವನ ಹಿಂದೆ ಕರುವಿನಷ್ಟೆತ್ತರದ ಒಂದು ಕಂಚಿನ ಆನೆ ನಡೆದು ಬಂತು.

"ಅರಸಾ, ಕೇಳಿ ಪಡೆಯುವುದೇಕೆ?" ಎಂದ ಮಾಂತ್ರಿಕ. "ಈ ಆನೆ ಯಾವ ನಾಡಿನ ಮೇಲೆ ಕಾಲಿಡುತ್ತದೋ ಆ ನಾಡು ನಿನ್ನದು. ಅಲ್ಲಿ ಬೆಳೆದದ್ದನ್ನೆಲ್ಲ ತನ್ನ ಬೆನ್ನ ಮೇಲೆ ಹೊತ್ತು ನಿನ್ನ ಬಾಗಿಲಿಗೆ ತರುತ್ತದೆ. ಅದಕ್ಕೆ ಬೇಕಾದದ್ದು ಒಂದೇ. ದಾರಿ ಬಲ್ಲವನೊಬ್ಬ ಮುಂದೆ ನಡೆಯಬೇಕು."

ಅರಸ ಲಕ್ಕಣನನ್ನು ಕರೆಸಿದ.

"ಪ್ರಭು, ಅಲ್ಲಿಯವರಿಗೆ ನೋವಾಗುತ್ತದೆಯೇ?" ಎಂದು ಲಕ್ಕಣ ಕೇಳಿದ.

"ಯಾರಿಗೂ ಇಲ್ಲ," ಎಂದ ಮಾಂತ್ರಿಕ. "ಉಪ್ಪು ನಮ್ಮನ್ನು ಕಾಯಿಸದೆ ಬರುತ್ತದೆ, ಅಷ್ಟೆ."

"ನಿನಗೆ ಪಟ್ಟೆಯ ರುಮಾಲು ಸುತ್ತಿಸುತ್ತೇನೆ," ಎಂದ ಅರಸ. "ನನ್ನ ರಾಜ್ಯದ ದಾರಿಗಳಿಗೆಲ್ಲ ನೀನೇ ಒಡೆಯ."

ಲಕ್ಕಣ ಹುಟ್ಟಿದಾಗಿನಿಂದ ಎತ್ತಿನ ಬಾಲದ ಹಿಂದೆ ನಡೆದವನು. ಒಡೆಯ ಎಂಬ ಮಾತು ಅವನ ಕಿವಿಗೆ ಬಹಳ ಸಿಹಿಯಾಗಿ ಕೇಳಿಸಿತು. ನೋವಿನ ಮಾತನ್ನು ಅವನು ಎರಡನೆಯ ಸಲ ಕೇಳಲಿಲ್ಲ.

ಅವನು ನೆಲಕ್ಕೆ ಕಿವಿಯಿಟ್ಟ. ದಾರಿ ಹೇಳಿತು, ಆನೆ ನಡೆಯಿತು, ಅಳಿವೆನಾಡು ಮಣಿಯಿತು. ಯಾರೂ ಸಾಯಲಿಲ್ಲ. ಆನೆ ಹೊರಡುವ ಮುನ್ನ ಸೊಂಡಿಲೆತ್ತಿ ಒಮ್ಮೆ ಉಸಿರೆಳೆದುಕೊಂಡಿತು. ಅಳಿವೆಯ ಜನರ ನಾಲಿಗೆಯಿಂದ ಉಪ್ಪಿನ ರುಚಿ ಹೊರಟುಹೋಯಿತು. ಆನೆ ಎತ್ತಿನಷ್ಟು ದೊಡ್ಡದಾಯಿತು.

ಎರಡು ವರ್ಷ ಕಳೆದ ಮೇಲೆ ಅರಸನಿಗೆ ಕಬ್ಬಿಣ ಬೇಕೆನಿಸಿತು. ಲಕ್ಕಣ ಕಿವಿಯಿಟ್ಟ. ದಾರಿ ಹೇಳಿತು, ಆನೆ ನಡೆಯಿತು, ಕುಲುಮೆಬೆಟ್ಟ ಮಣಿಯಿತು. ಆನೆ ಉಸಿರೆಳೆದುಕೊಂಡಿತು. ಕಮ್ಮಾರರ ಮೈಯಿಂದ ಬೆಂಕಿಯ ಬಿಸಿ ಹೊರಟುಹೋಯಿತು. ಅವರು ಉರಿಯುವ ಕುಲುಮೆಯ ಮುಂದೆ ನಿಂತು ಚಳಿಯಿಂದ ನಡುಗುತ್ತ ಕಬ್ಬಿಣ ಬಡಿದರು. ಆನೆ ಮನೆಯಷ್ಟು ದೊಡ್ಡದಾಯಿತು.

ಮತ್ತೆರಡು ವರ್ಷಕ್ಕೆ ಅರಸನಿಗೆ ಬಣ್ಣ ಬೇಕೆನಿಸಿತು. ಲಕ್ಕಣ ಕಿವಿಯಿಟ್ಟ. ಈ ಸಲ ದಾರಿ ತುಸು ತಡೆದು ಹೇಳಿತು. ಆನೆ ನಡೆಯಿತು. ಆದರೆ ಕುಸುಬೆನಾಡು ಮಣಿಯಲಿಲ್ಲ. ಒಬ್ಬ ಗಂಡಸು, ಬಣ್ಣ ಹಾಕುವ ಬಾಚಲೆ ಎಂಬ ಹೆಂಗಸಿನ ಗಂಡ, ಕೈಯಲ್ಲಿ ಬಣ್ಣದ ಕೋಲು ಹಿಡಿದುಕೊಂಡು ಊರಬಾಗಿಲಿಗೆ ಅಡ್ಡ ನಿಂತ. ಆನೆ ನಿಲ್ಲಲಿಲ್ಲ. ಬಸುರಿ ಬಾಚಲೆ ಓಡಿ ಬಂದಳು. ಲಕ್ಕಣ ಪಕ್ಕದಲ್ಲೇ ಇದ್ದ. ಅವನು ರುಮಾಲು ಸರಿಮಾಡಿಕೊಳ್ಳುವವನಂತೆ ಮುಖ ತಿರುಗಿಸಿಕೊಂಡ. ಆನೆ ಉಸಿರೆಳೆದುಕೊಂಡಿತು. ಕುಸುಬೆನಾಡಿನವರ ಕಣ್ಣಿನಿಂದ ಬಣ್ಣ ಹೊರಟುಹೋಯಿತು. ಆನೆ ಗುಡ್ಡದಷ್ಟು ದೊಡ್ಡದಾಯಿತು.

ಅರಳೆನಾಡು ಈಗ ಬಲು ದೊಡ್ಡ ರಾಜ್ಯವಾಯಿತು. ಅರಮನೆಯ ಕಂಬಗಳು ಕಬ್ಬಿಣದವು, ಪರದೆಗಳು ಕುಸುಬೆಗೆಂಪಿನವು. ಉಪ್ಪನ್ನು ಅಂಗಳಕ್ಕೆ ಮರಳಿನಂತೆ ಹರಡುತ್ತಿದ್ದರು. ಆದರೆ ಎಲ್ಲವೂ ಏನನ್ನೂ ಕೊಡದೆಯೇ ಬರುವಾಗ ಹತ್ತಿ ಯಾರಿಗೆ ಬೇಕು? ಬಿರಿದ ಹತ್ತಿ ಬಿಡಿಸುವವರಿಲ್ಲದೆ ಗಿಡದಲ್ಲೇ ಕೊಳೆಯಿತು. ಹೊತ್ತು ತರಲು ಆನೆಯಿರುವಾಗ ಹೇರಿನವರು ಯಾರಿಗೆ ಬೇಕು? ಅವರು ಎತ್ತುಗಳನ್ನು ಬಿಟ್ಟುಕೊಟ್ಟು ಅರಮನೆಯ ಊಟದ ಸಾಲಿನಲ್ಲಿ ನಿಂತರು. ಬಿತ್ತುವ ಕೈಗಳು, ನೂಲುವ ಕೈಗಳು ಎಲ್ಲ ಎಲೆ ಹಿಡಿದು ನಿಂತವು. ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಆ ಸಾಲಿನಲ್ಲಿ ಲಕ್ಕಣ ತನ್ನ ಸ್ವಂತ ಅಣ್ಣನನ್ನು ಕಂಡ. ಅಣ್ಣ ಅವನ ಪಟ್ಟೆಯ ರುಮಾಲನ್ನು ನೋಡಿ, ಗುರುತಿಲ್ಲದವನಂತೆ ಮುಂದೆ ಸರಿದ.

ಆ ದಿನವೇ ತಾಮ್ರಾಕ್ಷ, "ಆನೆ ಹಸಿದಿದೆ, ನಾಲ್ಕನೆಯ ನಾಡಿಗೆ ದಾರಿ ಕೇಳು," ಎಂದ.

ಲಕ್ಕಣ ಊರ ಹೊರಗೆ ಹೋಗಿ ನೆಲಕ್ಕೆ ಕಿವಿಯಿಟ್ಟ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ದಾರಿ ಮೆಲ್ಲಗೆ ಮಾತಾಡಿತು.

"ಆ ಆನೆಗೆ ದಾರಿ ಬೇಡ, ಲಕ್ಕಣ. ಇನ್ನು ಅದು ತಿನ್ನುವುದು ನಿನ್ನ ನಾಡನ್ನೇ."

"ಅದನ್ನು ನಿಲ್ಲಿಸುವುದು ಹೇಗೆ?"

"ಕಿತ್ತುಕೊಂಡದ್ದನ್ನು ತಿಂದು ಬೆಳೆದ ಮೈ ಅದು. ಮನಸಾರೆ ಕೊಟ್ಟದ್ದನ್ನು ಅರಗಿಸಿಕೊಳ್ಳಲಾರದು. ಮೂರು ನಾಡಿನಿಂದ ಒಂದು ಚಿಟಿಕೆ ಉಪ್ಪು, ಒಂದು ಮೊಳೆ, ಒಂದೆಳೆ ಬಣ್ಣದ ನೂಲು ಕೇಳಿ ತಾ. ಕದ್ದರೆ ಆಗದು, ಕೊಂಡರೆ ಆಗದು. ಆನೆಯನ್ನು ಕರೆದೊಯ್ದವನೇ ಹೋಗಿ ಕೇಳಬೇಕು."

ಅದೇ ಕೊನೆ. ಆಮೇಲೆ ದಾರಿ ಅವನೊಡನೆ ಮಾತಾಡಲಿಲ್ಲ.

ಲಕ್ಕಣ ರುಮಾಲು ತೆಗೆದಿಟ್ಟು ಕಡಲಿನತ್ತ ನಡೆದ. ದಾರಿ ಹೇಳುವವರಿಲ್ಲದೆ ಹತ್ತು ದಿನದ ದೂರಕ್ಕೆ ನಲವತ್ತು ದಿನ ಹಿಡಿಯಿತು. ದುಗ್ಗಮ್ಮ ಅಂಗಳದಲ್ಲೇ ಇದ್ದಳು.

"ಬನ್ನಿ," ಎಂದಳು. ಮಗಾ ಎನ್ನಲಿಲ್ಲ. "ಗಂಜಿ ಕುಡಿಯಿರಿ."

ಅವನು ಒಂದು ಗುಟುಕು ಕುಡಿದ. ಗಂಜಿ ಕಡಲ ನೀರಿನಂತಿತ್ತು.

"ಉಪ್ಪು ಹೆಚ್ಚಾಯಿತೇ?" ಎಂದಳು ಅವಳು. "ನಮಗೆ ತಿಳಿಯುವುದಿಲ್ಲ. ಮೊಮ್ಮಕ್ಕಳು ಉಣ್ಣುವಾಗ ಅವರ ಮುಖ ನೋಡಿ ಅಂದಾಜು ಮಾಡೋಣವೆಂದರೆ, ಅವರಿಗೂ ತಿಳಿಯುವುದಿಲ್ಲ."

ಲಕ್ಕಣ ಗಂಜಿಯನ್ನು ಪೂರ್ತಿ ಕುಡಿದ. ಆಮೇಲೆ ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿ, ಒಂದು ಚಿಟಿಕೆ ಉಪ್ಪು ಕೇಳಿದ.

ದುಗ್ಗಮ್ಮ ಉಪ್ಪಿನ ಮಡಕೆಯನ್ನು ಹತ್ತಿರ ಎಳೆದುಕೊಂಡಳು. "ನೀವು ಹಸಿದು ಬಂದಾಗ ಕೊಟ್ಟೆ, ಅದೇ ಬಾಗಿಲಿಗೆ ಆನೆ ತಂದಿರಿ. ಈಗ ಮತ್ತೆ ಕೈಯೊಡ್ಡಿದ್ದೀರಿ. ಕೇಳಿದವರಿಗೆ ಉಪ್ಪಿಲ್ಲ ಎಂದು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಹೇಳಿಲ್ಲ. ನಿಮ್ಮಿಂದಾಗಿ ಅದನ್ನು ನಾನೇಕೆ ಕಲಿಯಲಿ?" ಎಂದು ಉಪ್ಪನ್ನು ಎಲೆಯಲ್ಲಿ ಕಟ್ಟಿ ಕೊಟ್ಟಳು.

ಅಲ್ಲಿಂದ ಅವನು ಕುಲುಮೆಬೆಟ್ಟಕ್ಕೆ ಹೋದ. ಬೆಟ್ಟದ ಬುಡದಲ್ಲಿ ತಾಮ್ರಾಕ್ಷ ಒಂದು ಕಂಚಿನ ಹುಲಿಯನ್ನು ಕಾವಲಿಗಿಟ್ಟಿದ್ದ. ಅದು ಲಕ್ಕಣನನ್ನು ಮೂಸಿ ನೋಡಿ ಬಾಲ ಅಲ್ಲಾಡಿಸಿತು, ದಾರಿ ಬಿಟ್ಟಿತು. ಅದಕ್ಕೆ ಅವನು ಮನೆಯವನೇ. ಅದು ಮೇಲೆ ಬಿದ್ದು ಕಚ್ಚಿದ್ದರೆ ಲಕ್ಕಣನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಮ್ಮಾರರ ಹಿರಿಯ ಕಾಳೋಜ ಮೂರು ಕಂಬಳಿ ಹೊದ್ದು ಕುಲುಮೆಯ ಮುಂದೆ ಕೂತಿದ್ದ. ಲಕ್ಕಣ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಮೊಳೆ ಕೊಡುತ್ತೇನೆ," ಎಂದ. "ಆದರೆ ಮೊದಲು ಇಲ್ಲಿ ತಿದಿ ಒತ್ತು. ನಾವು ಎಷ್ಟು ಚಳಿಯಲ್ಲಿ ದುಡಿಯುತ್ತೇವೆಂದು ನೋಡು."

ಲಕ್ಕಣ ಒಂದು ತಿಂಗಳು ತಿದಿ ಒತ್ತಿದ. ಅವನ ಮೈ ಬೆಂಕಿಯಿಂದ ಬೆವರುತ್ತಿತ್ತು, ಸುತ್ತಲಿನವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವರೆದುರು ಬೆವರು ಒರೆಸಿಕೊಳ್ಳಲೂ ಅವನಿಗೆ ಸಂಕೋಚವಾಗುತ್ತಿತ್ತು. ತಿಂಗಳು ತುಂಬಿದ ದಿನ ಕಾಳೋಜ ಅವನ ಅಂಗೈಯ ಬೊಕ್ಕೆಗಳನ್ನು ನೋಡಿ, ಒಂದು ಮೊಳೆ ಬಡಿದು ಕೊಟ್ಟ.

"ಇದನ್ನು ಮನಸಾರೆ ಕೊಟ್ಟಿದ್ದೇನೆ. ಆದರೆ ನಿನ್ನನ್ನು ಮತ್ತೆ ನೋಡಲು ಮನಸ್ಸಿಲ್ಲ," ಎಂದ.

ಕೊನೆಗೆ ಕುಸುಬೆನಾಡು. ಬಾಚಲೆ ಹಂಡೆಯಲ್ಲಿ ನೂಲು ಅದ್ದುತ್ತಿದ್ದಳು. ಪಕ್ಕದಲ್ಲಿ ಅವಳ ಪುಟ್ಟ ಮಗಳು ಕೂತು ಹೂ ಬಿಡಿಸುತ್ತಿದ್ದಳು. ಲಕ್ಕಣನನ್ನು ಕಂಡ ಕೂಡಲೇ ಬಾಚಲೆಗೆ ಗುರುತು ಸಿಕ್ಕಿತು.

"ಅವತ್ತು ನೀವು ಮುಖ ತಿರುಗಿಸಿಕೊಂಡಿರಿ," ಎಂದಳು.

"ಹೌದು, ತಾಯೀ."

"ಇವಳು ಹುಟ್ಟಿದ್ದು ಆನೆ ಬಂದ ಮೇಲೆ. ಕೆಂಪು ಅಂದರೆ ಹೇಗಿರುತ್ತದೆ ಅಂತ ಕೇಳುತ್ತಾಳೆ. ಅಪ್ಪ ಹೇಗಿದ್ದ ಅಂತಲೂ ಕೇಳುತ್ತಾಳೆ. ಎರಡಕ್ಕೂ ನನ್ನ ಹತ್ತಿರ ಮಾತಿಲ್ಲ."

ಲಕ್ಕಣ ದಾರಿ ಹೇಳಿದ್ದನ್ನು ಅವಳಿಗೆ ತಿಳಿಸಿದ. ಆಮೇಲೆ ನೂಲು ಕೇಳಿದ.

"ಕೊಡಲಾರೆ," ಎಂದಳು ಬಾಚಲೆ. "ಕೊಟ್ಟರೂ ಅದು ಬಾಯಿಮಾತಿನ ಕೊಡುಗೆ. ನಿಮ್ಮ ಆನೆಗೆ ತಿಳಿದುಬಿಡುತ್ತದೆ."

ಅವನು ತಲೆಬಾಗಿ ಹಿಂತಿರುಗಿದ. ಊರಬಾಗಿಲು ದಾಟಿ ಬಹಳ ದೂರ ಬಂದಿದ್ದ. ಹಿಂದೆ ಹೆಜ್ಜೆಯ ಸದ್ದಾಯಿತು. ಬಾಚಲೆ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬರುತ್ತಿದ್ದಳು. ಅವಳ ಮುಂಗೈಗೆ ಒಂದೆಳೆ ಕೆಂಪು ನೂಲು ಸುತ್ತಿತ್ತು.

"ಇದು ನಿಮಗಲ್ಲ," ಎಂದಳು. "ನನ್ನ ಮಗಳಿಗಾಗಿ ನಾನೇ ಬಂದು ಕೊಡುತ್ತೇನೆ. ಮುಂದೆ ನಡೆಯಿರಿ. ನನ್ನ ಜೊತೆ ಮಾತಾಡಬೇಡಿ."

ಹದಿನೆಂಟು ದಿನ ಅವರು ಮಾತಿಲ್ಲದೆ ನಡೆದರು.

ಅರಳೆನಾಡಿಗೆ ಬಂದಾಗ ಅರ್ಧ ಊರು ಬಯಲಾಗಿತ್ತು. ಆನೆ ಹೊಲಗಳನ್ನು ತಿಂದು, ಕೆರೆಯನ್ನು ಕುಡಿದು, ಅರಮನೆಯ ಕಬ್ಬಿಣದ ಕಂಬಗಳನ್ನು ಮುರಿಯುತ್ತಿತ್ತು. ಬೊಪ್ಪರಸ ಬರಿತಲೆಯಲ್ಲಿ ಅಂಗಳದಲ್ಲಿ ನಿಂತಿದ್ದ. ತಾಮ್ರಾಕ್ಷ ಆನೆಯ ನೆತ್ತಿಯ ಮೇಲೆ ಕೂತು ನಗುತ್ತಿದ್ದ.

ಲಕ್ಕಣ ಅದರ ಮುಂದೆ ಹೋಗಿ ನಿಂತು ಉಪ್ಪನ್ನು ಎಸೆದ. ಅದು ನುಂಗಿತು, ಅದರ ಸೊಂಡಿಲು ಸೀಳಿತು. ಮೊಳೆ ಎಸೆದ. ಅದು ನುಂಗಿತು, ಅದರ ಕಾಲುಗಳು ಬಿರುಕು ಬಿಟ್ಟವು. ಆನೆ ಕುಸಿಯುತ್ತ ಮುಂದಕ್ಕೆ ಬಂತು. ಬಾಚಲೆ ಮಗಳನ್ನು ಕೆಳಗಿಳಿಸಿ, ಅದರ ಬಾಯಿಯ ಹತ್ತಿರ ನಡೆದುಹೋಗಿ, ಮುಂಗೈಯ ನೂಲನ್ನು ಬಿಚ್ಚಿ ಅದರ ನಾಲಿಗೆಯ ಮೇಲಿಟ್ಟಳು. ಈ ಸಲ ಲಕ್ಕಣ ಮುಖ ತಿರುಗಿಸಲಿಲ್ಲ.

ಆನೆ ಒಡೆದು ಚೂರಾಯಿತು. ಒಳಗೆ ಏನೂ ಇರಲಿಲ್ಲ, ಬರೀ ಟೊಳ್ಳು. ಮೇಲಿಂದ ಬಿದ್ದ ತಾಮ್ರಾಕ್ಷ ಹಿಡಿ ಕಿಲುಬಾಗಿ ಗಾಳಿಯಲ್ಲಿ ಹಾರಿಹೋದ. ಅದೇ ಗಳಿಗೆಯಲ್ಲಿ ಅಳಿವೆನಾಡಿನ ಮಕ್ಕಳು ಗಂಜಿ ಉಗಿದು ಉಪ್ಪುಪ್ಪು ಎಂದರು. ಕುಲುಮೆಬೆಟ್ಟದ ಕಮ್ಮಾರರು ಕಂಬಳಿ ಕಿತ್ತೆಸೆದರು. ಅರಮನೆಯ ಅಂಗಳದಲ್ಲಿ ಹರಿದು ಬಿದ್ದಿದ್ದ ಪರದೆಯನ್ನು ಪುಟ್ಟ ಹುಡುಗಿ ನೋಡುತ್ತ ನಿಂತಳು.

"ಅವ್ವಾ, ಇದಾ ಕೆಂಪು?"

"ಇದೇ," ಎಂದು ಬಾಚಲೆ ಮಗಳನ್ನು ಎತ್ತಿಕೊಂಡಳು. ಅಪ್ಪ ಹೇಗಿದ್ದ ಎಂಬ ಮಗಳ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಮಂತ್ರ ಯಾರ ಬಳಿಯೂ ಇರಲಿಲ್ಲ.

ಬೊಪ್ಪರಸ ಮೂರು ನಾಡುಗಳ ಮುಂದೆ ತಪ್ಪೊಪ್ಪಿಕೊಂಡು ಅವನ್ನು ಬಿಟ್ಟುಕೊಟ್ಟ. ಜನ ಮತ್ತೆ ಹತ್ತಿ ಬಿತ್ತಿದರು, ಹೇರಿನವರು ಮತ್ತೆ ಎತ್ತು ಕಟ್ಟಿದರು. ಮೂರು ನಾಡಿನವರೂ ಕೊಟ್ಟು ಕೊಳ್ಳಲು ಒಪ್ಪಿದರು, ಆದರೆ ತಮ್ಮ ತಮ್ಮ ಎಲ್ಲೆಯಲ್ಲಿ ಒಂದೊಂದು ಕಲ್ಲು ನೆಡಿಸಿದರು. ಅರಳೆನಾಡಿನವರು ಹೇರನ್ನು ಆ ಕಲ್ಲಿನ ಬಳಿ ಇಳಿಸಬೇಕು, ಅಲ್ಲೇ ಕಾಯಬೇಕು, ಆಚೆ ಕಾಲಿಡಬಾರದು.

ಎಲ್ಲರೂ ಸುಖವಾಗಿ ಬಾಳಿದರು. ಲಕ್ಕಣನೂ ಬಾಳಿದ. ಅವನ ಅಣ್ಣ ಅವನನ್ನು ಮತ್ತೆ ಹೆಸರು ಹಿಡಿದು ಕರೆದ. ಕೂದಲು ನೆರೆಯುವವರೆಗೂ ಅವನು ಹೇರು ಹೊಡೆದ. ಒಮ್ಮೆ ಅಳಿವೆನಾಡಿನ ಕಲ್ಲಿನ ಬಳಿ ಎತ್ತುಗಳನ್ನು ಬಿಟ್ಟು ಕಾಯುತ್ತಿದ್ದಾಗ, ದೂರದೇಶದ ವ್ಯಾಪಾರಿ ಹೆಂಗಸೊಬ್ಬಳು ಬಂದು ಅವನ ಪಕ್ಕದಲ್ಲಿ ಕೂತಳು.

"ಅಯ್ಯಾ, ಈ ಕಲ್ಲಿನಾಚೆಯ ಊರು ಹೇಗಿದೆ? ನೀವು ಯಾವಾಗಲಾದರೂ ನೋಡಿದ್ದೀರಾ?"

"ನೋಡಿದ್ದೆ," ಎಂದ ಲಕ್ಕಣ. "ಮನೆಗಳು ಸಣ್ಣವು. ಬಾಗಿಲಿಗೆ ಅಗಳಿ ಇರಲಿಲ್ಲ. ಯಾವ ಹೊತ್ತಿನಲ್ಲಿ ಹೋದರೂ ತಳ್ಳಿದರೆ ಸಾಕು, ತೆರೆದುಕೊಳ್ಳುತ್ತಿತ್ತು."

"ಈಗಲೂ ಹಾಗೆಯೇ ಇದೆಯೇ?"

ಲಕ್ಕಣ ಕಲ್ಲಿನಾಚೆ ನೋಡಿದ.

"ಈಗ ಅಗಳಿ ಹಾಕಿಸಿಕೊಂಡಿರಬೇಕು," ಎಂದ.