ಎಡಗೈಯ ಗವಸು

ಹರಪನಹಳ್ಳಿಯ ಉರ್ದು ಶಾಲೆಯ ನಿವೃತ್ತ ಮೇಷ್ಟ್ರು ಕಾಶ್ಮೀರದ ಪೊಲೀಸರು ಉರ್ದುವಿನಲ್ಲಿ ಬರೆದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದುತ್ತ ಹೋದರು. ಹೆಣ ಸಿಕ್ಕಿದ್ದು ದೇವದಾರು ಮರವೊಂದರ ಬುಡದಲ್ಲಿ, ಹಿಮದ ಅಡಿಯಲ್ಲಿ. ಬಲಗೈ ಭುಜದ ಕೆಳಗೆ ಎರಡು ಕಡೆ ಮುರಿದಿದೆ. ಪಕ್ಕೆಲುಬು ಮುರಿದು ಒಳಗೇ ರಕ್ತ ಸೋರಿದೆ. ಕೋಟಿನ ಜಿಪ್ಪು ಗಂಟಲವರೆಗೆ ಎಳೆದಿದೆ. ಅದರೊಳಗೆ, ಕೊರಳ ದಾರದಲ್ಲಿ, ಬೆಳ್ಳಿಯ ಪುಟ್ಟ ಡಬ್ಬಿ — ಖಾಲಿ, ಮುಚ್ಚಳ ಹಾಕಿದ್ದು. ಎಡಗೈಗೆ ಗವಸು, ಗವಸಿನ ಪಟ್ಟಿ ಮಣಿಕಟ್ಟಿಗೆ ಬಿಗಿದಿದೆ. ಗವಸು ತೆಗೆದಾಗ ಅಂಗೈಯಲ್ಲಿ ಒಂದು ಸಣ್ಣ ಕರಿ ಕಲ್ಲು.

"ಕಲ್ಲು ಯಾಕೆ ಹಿಡ್ಕಂಡಿದ್ದ ಅಂತ ಅವರಿಗೆ ಗೊತ್ತಾಗಿಲ್ಲ ನೋಡ್ರಿ," ಎಂದರು ಮೇಷ್ಟ್ರು.

ಎದುರು ಕೂತಿದ್ದ ಪಂಚಾಕ್ಷರಪ್ಪನಿಗೆ ಗೊತ್ತಿತ್ತು. ಅದು ಕಲ್ಲಲ್ಲ, ಇಷ್ಟಲಿಂಗ. ಅವರ ಮಂದಿಯಲ್ಲಿ ಯಾರು ಸತ್ತರೂ ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಹಾಗಾಗಿಯೇ ಕೇಳಿದೊಡನೆ ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ಕೊಟ್ಟೂರಿನ ಬಸ್ಸು ಹತ್ತಿ ಚಿಗಟೇರಿ ದಾಟುವಾಗ ಅನ್ನಿಸಿತು. ಆಮೇಲೆ ಊರು ಬರುವವರೆಗೂ ಅವನು ತನ್ನ ಎಡಗೈಯನ್ನೇ ನೋಡುತ್ತ ಕೂತಿದ್ದ.

ಸತ್ತವನು ಅವನ ಅಕ್ಕನ ಮಗ ಗಂಗಾಧರ. ಇಪ್ಪತ್ತೊಂಬತ್ತರ ಹುಡುಗ. ಅಪ್ಪ ನಾಗಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂರಲು ಒಲ್ಲದೆ, ಸುತ್ತಲಿನ ತಾಲ್ಲೂಕುಗಳ ಜನರನ್ನು ಕಾಶ್ಮೀರ ತೋರಿಸಲು ಕರೆದೊಯ್ಯುವ ಕಸುಬು ಹಿಡಿದಿದ್ದ. ಅಲ್ಲಿ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಆಟದ ಹುಚ್ಚು ಹತ್ತಿತು. ಸ್ನೋಬೋರ್ಡ್ ಅಂತ ಅದರ ಹೆಸರು. ಊರಿಗೆ ಬಂದಾಗ ಸೋದರಮಾವನೆದುರು ಮಂಚದ ಮೇಲೆ ಹತ್ತಿ ನಿಂತು, ಮೊಣಕಾಲು ಬಗ್ಗಿಸಿ ತೋರಿಸುತ್ತಿದ್ದ. ಪಂಚಾಕ್ಷರಪ್ಪ ಬೈಯುತ್ತಿದ್ದ, ನಗುತ್ತಲೂ ಇದ್ದ. ಆ ಹುಡುಗನ ಮೇಲೆ ಅವನಿಗೆ ಜೀವವಿತ್ತು.

ಎರಡು ಸಾವಿರದ ಆರರ ಜನವರಿಯಲ್ಲಿ ಗುಲ್ಮಾರ್ಗಕ್ಕೆ ಹೋದ ತಂಡದಲ್ಲಿ ಊರ ಕಡೆಯ ಕೆಲಸದವರು ಇಬ್ಬರೇ. ಅಡುಗೆಗೆ ಕಾನಹೊಸಹಳ್ಳಿಯ ಕನಕರಾಜ, ಕುರಿ ಸಾಕುವ ಮನೆಯವನು, ಗಂಗಾಧರನ ಜೀವದ ಗೆಳೆಯ. ಗಾಡಿಗೆ ಹಗರಿಬೊಮ್ಮನಹಳ್ಳಿಯ ಮೈಲಪ್ಪ. ಒಂದು ಬೆಳಿಗ್ಗೆ ಬಿಡುವು ಸಿಕ್ಕಿತು. ಗಂಗಾಧರ, ಕನಕರಾಜ ಅರ್ಧ ದಿನದ ಬಾಡಿಗೆಗೆ ಎರಡು ಹಲಗೆ ತಗೊಂಡು ಗುಡ್ಡ ಹತ್ತಿದರು. ಮಧ್ಯಾಹ್ನ ಕನಕರಾಜ ಒಬ್ಬನೇ ಕೆಳಗಿದ್ದ. ರಾತ್ರಿಯೆಲ್ಲ ಹಿಮ ಸುರಿಯಿತು, ಮರುದಿನ ಹೆಣ ಸಿಕ್ಕಿತು.

ಮೈಲಪ್ಪನೇ ಕೊಂದ ಎಂದು ನಾಗಪ್ಪ ಎರಡು ತಿಂಗಳಿಂದ ಹೇಳುತ್ತಲೇ ಇದ್ದ. ಆ ಬೆಳಿಗ್ಗೆ ಮೈಲಪ್ಪನಿಗೂ ಗಂಗಾಧರನಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ಒಂದೇ ಸಮಾಧಾನ ಅವನಿಗೆ — ಕೈಯಲ್ಲಿ ಲಿಂಗ ಹಿಡಿದು ಹೋದ ನನ್ನ ಮಗ, ಶರಣರ ಸಾವು ಸತ್ತ. ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದ.

ಅಕ್ಕ ಉಚ್ಚಂಗೆಮ್ಮನಿಗೆ ಅದ್ಯಾವುದೂ ಬೇಕಿರಲಿಲ್ಲ. ಒಂದು ಹಿಡಿ ಅನ್ನ ಗಂಟಲಲ್ಲಿ ಇಳಿಯದೆ ಅರ್ಧ ಆಗಿದ್ದಳು. ಪಂಚಾಕ್ಷರಪ್ಪನ ಕೈಗೆ ಆ ಉರ್ದು ಕಾಗದ ಕೊಟ್ಟವಳೂ ಅವಳೇ.

"ಯಾರು ಕೊಂದ್ರು ಅಂತ ನಾ ಕೇಳಂಗಿಲ್ಲ ತಮ್ಮ. ಅವ ಒಬ್ಬನ ಸತ್ತನೇನು? ಇಷ್ಟು ತಿಳಕೊಂಡು ಬಾ. ಕಣ್ಣು ಮುಚ್ಚಿದ್ರ ಸಾಕು, ಆ ಚಳ್ಯಾಗ ಒಬ್ಬನ ಬಿದ್ದದ್ದು ಕಾಣ್ತೈತಿ."

ಮೂವತ್ತೆರಡು ವರ್ಷ ಪೊಲೀಸ್ ನೌಕರಿ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ಪಂಚಾಕ್ಷರಪ್ಪ ಕಳ್ಳರನ್ನು ಹಿಡಿದಿದ್ದ, ಕುಡುಕರನ್ನು ಹಿಡಿದಿದ್ದ. ಇಂಥ ಪ್ರಶ್ನೆಯನ್ನು ಯಾರೂ ಅವನ ಮುಂದಿಟ್ಟಿರಲಿಲ್ಲ.

ಮೊದಲು ಹಗರಿಬೊಮ್ಮನಹಳ್ಳಿ. ಮೈಲಪ್ಪ ಗಾಡಿಯ ಅಡಿಯಿಂದ ತೆವಳಿ ಹೊರಬಂದು, ಎಣ್ಣೆ ಕೈಯಲ್ಲೇ ನಮಸ್ಕಾರ ಮಾಡಿದ. ಜಗಳ ಆಡಿದ್ದು ಖರೆ ಎಂದು ಒಪ್ಪಿದ. ಅರ್ಧ ದಿನದ ಆಟಕ್ಕೆ ಹೋಗಬೇಡ, ಮಂದಿ ನಮ್ಮನ್ನು ನಂಬಿ ಬಂದಿದ್ದಾರೆ ಅಂತ ಬೈದನಂತೆ.

"ಆಮ್ಯಾಲ ನೀ ಎಲ್ಲಿದ್ದಿ?"

"ಶ್ರೀನಗರದಾಗ ರೀ. ಮಂದೀನೆಲ್ಲ ನಾನ ಕರಕೊಂಡು ಹೋಗಿದ್ದೆ. ಹಡಗಲಿ ರಾಮಣ್ಣೋರು ಗಂಡ-ಹೆಂಡ್ತಿ ಮುಂದಿನ ಸೀಟಿನ್ಯಾಗ ಇದ್ರು, ಕೇಳ್ರಿ."

ಪಂಚಾಕ್ಷರಪ್ಪ ಹೂವಿನಹಡಗಲಿಗೂ ಹೋಗಿ ಕೇಳಿದ. ರಾಮಣ್ಣ ದಂಪತಿ ಹೌದೆಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೈಲಪ್ಪ ತಮ್ಮ ಕಣ್ಣೆದುರೇ ಇದ್ದ, ಊಟವನ್ನೂ ತಮ್ಮ ಜೊತೆಗೇ ಮಾಡಿದ. ಅಲ್ಲಿಗೆ ಮೈಲಪ್ಪನ ವಿಷಯ ಮುಗಿಯಿತು.

ಉಳಿದವನು ಕನಕರಾಜ. ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ಖಾನಾವಳಿಯಲ್ಲಿ ಅಡುಗೆಗಿದ್ದ. ಪಂಚಾಕ್ಷರಪ್ಪನನ್ನು ಕಂಡವನೇ ಎದ್ದು ಕುರ್ಚಿ ಒರೆಸಿದ. ಸಣಕಲಾಗಿದ್ದ. ಬಲಗೈಯ ಮೂರು ಬೆರಳಿನ ತುದಿ ಕಪ್ಪಗೆ, ಉಗುರಿಲ್ಲದೆ, ಒಣಗಿದ ಮೆಣಸಿನಕಾಯಿಯಂತೆ ಸುಕ್ಕುಗಟ್ಟಿದ್ದವು.

"ಬೆರಳಿಗೆ ಏನಾತೋ?"

"ಅಲ್ಲಿ ಥಂಡಿ ಹತ್ತಿತು ರೀ ಸಾಹೇಬ್ರ." ಕೈಯನ್ನು ಟವೆಲ್ಲಿನೊಳಗೆ ಸರಿಸಿದ.

"ಆವತ್ತು ನೀ ಗಂಗಾಧರನ ಸಂಗಾಟ ಎಷ್ಟೊತ್ತು ಇದ್ದಿ?"

"ಹತ್ತೂವರಿ ತನಕ. ಅವ ಗಿಡಮರದ ನಡುವ ಹೋಗ್ತೀನಿ ಅಂದ. ನಾ ಒಲ್ಲೆ ಅಂತ ಕೆಳಗ ಬಂದೆ."

"ಆಮ್ಯಾಲ?"

"ಚಾದಂಗಡ್ಯಾಗ ಕುಂತಿದ್ದೆ ರೀ. ಕಬ್ಬಿಣದ ಒಲಿ ಮುಂದ. ಒಂದರ ತನಕ ದಾರಿ ನೋಡಿದೆ."

"ಗವಸು ಇದ್ದವೇನು ನಿನಗ?"

"ಇದ್ದವು ರೀ. ಇಬ್ಬರಿಗೂ ಇದ್ದವು."

ಇಷ್ಟೇ. ಪಂಚಾಕ್ಷರಪ್ಪ ಚಹಾ ಕುಡಿದು ಎದ್ದ. ಮುಂದಿನ ಭಾನುವಾರ ಮಧ್ಯಾಹ್ನ ಕೊಟ್ಟೂರಿಗೆ ಬಾ, ಅಕ್ಕ ಮಾತಾಡಬೇಕಂತಾಳೆ ಎಂದ. ಬರುವುದಿಲ್ಲ ಅನ್ನುತ್ತಾನೇನೋ ಅಂದುಕೊಂಡಿದ್ದ. ಕನಕರಾಜ ಆಗಲಿ ಎಂದ.

ಭಾನುವಾರ ನಾಗಪ್ಪನ ಪಡಸಾಲೆಯಲ್ಲಿ ನಾಲ್ಕೇ ಜನ. ಕನಕರಾಜ ಕಂಬಕ್ಕೆ ಒರಗದೆ ನೆಟ್ಟಗೆ ಕೂತಿದ್ದ. ಪಂಚಾಕ್ಷರಪ್ಪ ಸುತ್ತಿ ಬಳಸಲಿಲ್ಲ.

"ಭಾವಾರ, ಗಂಗಾಧರ ಲಿಂಗ ಕೈಯಾಗ ಹಿಡಿದು ಸತ್ತ ಅಂತೀರಿ. ಬಲಗೈ ಮುರಿದಿತ್ತು. ಇದ್ದದ್ದು ಎಡಗೈ ಒಂದ. ಆ ಒಂದು ಕೈಲೆ ಕೋಟು ಬಿಚ್ಚಿ, ಕರಡಿಗಿ ತಗದು, ಲಿಂಗ ಅದ ಅಂಗೈಯಾಗ ಇಟ್ಕೊಂಡ ಅನ್ನಾಣ. ಕರಡಿಗಿ ತಿರುಗಿ ಮುಚ್ಚಿದವರು ಯಾರು? ಜಿಪ್ಪು ಎಳದವರು ಯಾರು? ಎಡಗೈಗೆ ಗವಸು ಹಾಕಿ ಪಟ್ಟಿ ಬಿಗಿದವರು ಯಾರು? ಅದಕ್ಕ ಇನ್ನೊಂದು ಕೈ ಬೇಕು."

ನಾಗಪ್ಪ ಕನಕರಾಜನತ್ತ ತಿರುಗಿದ.

ಅಲ್ಲಿಯ ಪೊಲೀಸರಿಗೆ ಅದು ಬರೀ ಕಲ್ಲು, ಅದಕ್ಕೇ ಅವರು ಯೋಚಿಸಲಿಲ್ಲ. ನಮಗೆ ಅದು ದಿನಾ ಕಾಣುವ ಪದ್ಧತಿ, ಅದಕ್ಕೇ ನಾವೂ ಯೋಚಿಸಲಿಲ್ಲ — ಹೀಗೆ ಪಂಚಾಕ್ಷರಪ್ಪ ಒಂದೊಂದಾಗಿ ಬಿಡಿಸಿ ಹೇಳಿದ. ಆ ಗುಡ್ಡದಲ್ಲಿ ಲಿಂಗವನ್ನು ಎಡ ಅಂಗೈಗೆ ಇಡಬೇಕೆಂದು ತಿಳಿದವನು ಊರ ಕಡೆಯವನೇ ಆಗಿರಬೇಕು. ಪ್ರವಾಸಕ್ಕೆ ಬಂದ ಮಂದಿಯನ್ನು ಬಿಟ್ಟರೆ ಇದ್ದವರು ಇಬ್ಬರು. ಮೈಲಪ್ಪ ಆ ಮಂದಿಯನ್ನೆಲ್ಲ ಕರಕೊಂಡು ಶ್ರೀನಗರದಲ್ಲಿದ್ದ. ಇನ್ನು ಕೈಗೆ ಗವಸು ಹಾಕಿಕೊಂಡು, ಉರಿಯುವ ಒಲೆಯ ಮುಂದೆ ಎರಡೂವರೆ ತಾಸು ಕೂತವನ ಬೆರಳು ಥಂಡಿಗೆ ಸುಟ್ಟು ಕಪ್ಪಾಗುವುದಿಲ್ಲ. ಬರಿಗೈಯಲ್ಲಿ ಹಿಮ ತೋಡಿದವನ ಬೆರಳು ಆಗುತ್ತವೆ.

"ನೀ ಚಾದಂಗಡ್ಯಾಗ ಇರಲಿಲ್ಲ, ಕನಕ. ಅವನ ಹಂತ್ಯಾಕ ಇದ್ದಿ."

ಕನಕರಾಜ ಅಲ್ಲವೆನ್ನಲಿಲ್ಲ. ಎರಡು ತಿಂಗಳು ಇದೇ ಮಾತಿಗೆ ಕಾದಿದ್ದವನಂತೆ ಹೇಳತೊಡಗಿದ. ಬೆಳಿಗ್ಗೆ ಮೂರು ಸಲ ಇಳಿದದ್ದು ದೊಡ್ಡ ದಾರಿಯಲ್ಲಿ. ಯಂತ್ರ ಓಡಿಸಿ, ಬಿತ್ತುವ ಮುಂಚೆ ಹೊಲ ಹದ ಮಾಡಿದ ಹಾಗೆ ಸಮ ಮಾಡಿದ ಹಿಮ. ಬಿದ್ದರೂ ನೋವಿಲ್ಲ. ಗಂಗಾಧರ ಕೂಗಿಕೊಂಡು ಇಳಿಯುತ್ತಿದ್ದ. ನಾಲ್ಕನೆಯ ಸಲ ಮರಗಳ ನಡುವೆ ಹೋಗೋಣ ಅಂದ. ಅಲ್ಲಿ ಹಿಮ ಯಾರೂ ತುಳಿಯದ್ದು, ಸೊಂಟದವರೆಗೆ. ಸದ್ದೇ ಇಲ್ಲ. ಇಬ್ಬರೂ ಒಬ್ಬರ ಹಿಂದೊಬ್ಬರು ಮರ ತಪ್ಪಿಸುತ್ತ ಇಳಿದರು. ಕನಕರಾಜನಿಗೆ ಹುಟ್ಟಿದಾಗಿನಿಂದ ಅಂಥ ಖುಷಿ ಆಗಿರಲಿಲ್ಲ. ಅಷ್ಟರಲ್ಲಿ ಮುಂದಿದ್ದವನ ಹಲಗೆ ಹಿಮದಡಿಯ ಕೊಂಬೆಗೆ ಸಿಕ್ಕಿತು. ಗಂಗಾಧರ ಕಾಂಡಕ್ಕೆ ಬಡಿದು, ಮರದ ಬುಡದ ಪೊಳ್ಳು ಹಿಮದಲ್ಲಿ ತಲೆಕೆಳಗಾಗಿ ಹೂತುಹೋದ. ತನ್ನ ಗವಸು ನೆಂದು ಕೈಗೆ ಅಡ್ಡ ಬರುತ್ತಿದ್ದವೆಂದು ಕಿತ್ತೊಗೆದು, ಕನಕರಾಜ ತೋಡಿ ಎಳೆದ.

"ಜೀವ ಇತ್ತೇನು?" ಉಚ್ಚಂಗೆಮ್ಮ ಕೇಳಿದಳು.

"ಇತ್ತವ್ವ. ಮಾತಾಡಿದ."

"ಎಷ್ಟೊತ್ತು?"

"ಎರಡು ತಾಸು."

ನಾಗಪ್ಪ ಕೆಳಗಿಳಿಯಲು ಎಷ್ಟು ಹೊತ್ತು ಬೇಕೆಂದು ಕೇಳಿದ.

"ಹತ್ತು ನಿಮಿಷ ರೀ. ಚಾದಂಗಡಿ ಹೊಗಿ ಕಾಣ್ತಿತ್ತು. ಸ್ಟ್ರೆಚರ್‌ನವರು ಅಲ್ಲೇ ಇರ್ತಾರ. ನಾ ಎದ್ದೆ. ಅವ ನನ್ನ ತೋಳು ಹಿಡಕೊಂಡ. ಒಬ್ಬನ್ನ ಬಿಟ್ಟು ಹೋಗಬ್ಯಾಡಲೇ ಅಂದ. ಮತ್ತ ಮತ್ತ ಎದ್ದೆ. ಬ್ಯಾಡಲೇ ಅಂದ. ಕುಂತೆ. ನೋವು ಕಡಿಮಿ ಆಗೈತಿ ಅಂದ, ಹಂಗ ಸುಧಾರಿಸ್ತಾನ ಅಂತ ತಿಳಿದೆ. ಸುಮ್ಮನಾದ ಮ್ಯಾಲ ಗೊತ್ತಾತು. ಲಿಂಗ ಕೈಯಾಗ ಇಟ್ಟು, ಕೈ ಥಂಡಿ ಆಗ್ಯಾವ ಅಂತ ಗವಸು ಹಾಕಿದೆ." ಉಸಿರು ತಗೊಂಡ. "ಕೆಳಗ ಬಂದು ಖರೆ ಹೇಳಿದ್ರ, ಮೊದಲ ಯಾಕ ಬರಲಿಲ್ಲ ಅಂತ ಕೇಳ್ತಿದ್ರು. ಅದಕ್ಕ ನನ್ನ ಹಂತ್ಯಾಕ ಉತ್ತರ ಇದ್ದಿಲ್ಲ. ಈಗೂ ಇಲ್ಲ."

ಕಾನೂನಿನ ಯಾವ ಕಲಮಿಗೂ ಸಿಗದ ಅಪರಾಧ ಅದು. ಪಂಚಾಕ್ಷರಪ್ಪ ಅಪರಾಧಿಯನ್ನು ಹೆಸರು ಹಿಡಿದು ಹೇಳಿದ್ದ, ಅಕ್ಕನ ಪ್ರಶ್ನೆಗೆ ಉತ್ತರವನ್ನೂ ತಂದಿದ್ದ. ಮಗ ಒಬ್ಬನೇ ಸಾಯಲಿಲ್ಲ. ಈಗವಳು ಒಂದು ತುತ್ತು ಉಂಡಾಳು ಎಂಬ ಆಸೆ ಅವನಿಗೆ ಇನ್ನೂ ಇತ್ತು. ತರಬಾರದಿತ್ತು ಎಂದು ಅವನಿಗೆ ತಿಳಿದದ್ದು ಅವಳ ಮುಖ ನೋಡಿದಾಗ.

ನಾಗಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಉಚ್ಚಂಗೆಮ್ಮ ಕನಕರಾಜನ ಹತ್ತಿರಕ್ಕೆ ಸರಿದು ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಿಟ್ಟು ಬರಬೇಕಿತ್ತಲ್ಲೋ ಯಪ್ಪಾ," ಎಂದಳು. "ಅವ ಎಷ್ಟ ಅತ್ತರೂ, ಒಬ್ಬನ್ನ ಬಿಟ್ಟು ಬರಬೇಕಿತ್ತು."

ಕನಕರಾಜ ಹೌದೆಂದು ತಲೆಯಾಡಿಸಿದ.