ಅರೆಹೊಟ್ಟೆಯ ಚಕ್ರಗಳು

ಜಾನೆತ್ ಊರಿನಾಚೆಯ ಮರಳುದಿಬ್ಬಗಳನ್ನು ದಾಟಿ ನಾಳೆ ಸಂಜೆಯೊಳಗೆ ಬಾವಿ ಮುಟ್ಟಬೇಕು. ಕೆಲಸ ಇಷ್ಟೇ. ತಾಕಾಮಾಳ ತಾಯಿ ತೆಹಿತ್ ಡೇರೆ ಹಾಕಿಕೊಂಡಿದ್ದ ಕಡೆ ಬಾವಿಯ ರಾಟೆ ಸೀಳಿಹೋಗಿತ್ತು. ಅಷ್ಟು ಆಳದಿಂದ ಕೈಯಲ್ಲಿ ಎಳೆದ ನೀರು ಮನುಷ್ಯರ ಗಂಟಲಿಗೇ ಸಾಲದು. ಅರವತ್ತು ಮೇಕೆಗಳು ಬಾವಿಕಟ್ಟೆಯ ಸುತ್ತ ನಿಂತು ಅರಚುತ್ತಿವೆಯೆಂದು ಸುದ್ದಿ ಬಂದಿತ್ತು. ಪಿಕಪ್ಪಿನ ಹಿಂದೆ ಕಬ್ಬಿಣದ ಹೊಸ ರಾಟೆ, ಎಂಟು ಚೀಲ ಹಿಟ್ಟು, ಮುಂದೆ ಮೂವರು.

ಸ್ಟೀರಿಂಗ್ ಹಿಡಿದವನು ತಾಕಾಮಾಳ ಸೋದರಮಾವ ಗೂಮೂರ್. ನಡುವೆ ಅವನ ಗೆಳೆಯ ಖಮಾದೀನ್. ಕಿಟಕಿಗೆ ಒತ್ತಿಕೊಂಡು ತಾಕಾಮಾ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬಂದವಳು. ಆದರೆ ಅವಳ ಬಾಯಲ್ಲಿ ಉತ್ತರ ಸಿದ್ಧವಾಗುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು.

ಮರಳಿನ ಅಂಚಿನಲ್ಲಿ ಇಲ್ಯಾಸನ ಪೆಟ್ರೋಲ್ ಗುಡಿಸಲು. ಗಂಡಸರು ಚಹಾಕ್ಕೆ ಕೂತಾಗ ತಾಕಾಮಾ ಬೆಂಕಿಕಡ್ಡಿಯಿಂದ ವಾಲ್ವ್ ಒತ್ತಿ ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿ, ಏನೂ ಮಾಡದವಳಂತೆ ಬಂದು ಕೂತಳು. ಮೂರನೆಯ ಲೋಟ ಮುಗಿಯುವಷ್ಟರಲ್ಲಿ ಇಲ್ಯಾಸ್ ಅಷ್ಟನ್ನೂ ತುಂಬಿಸಿದ್ದ. ಬಂದವರ ಒಂಟೆಯನ್ನು ನೀರು ಕುಡಿಸದೆ ಕಳಿಸುವವರು ಆ ಸೀಮೆಯಲ್ಲಿಲ್ಲ. ಇಲ್ಯಾಸನ ಪಾಲಿಗೆ ಪಿಕಪ್ಪೂ ಒಂಟೆಯೇ.

"ನಾನೇ ಇಳಿಸಿದ್ದೆ, ಮಾವ," ಎಂದಳು ತಾಕಾಮಾ, ಗುಡಿಸಲು ಹಿಂದೆ ಮರೆಯಾದ ಮೇಲೆ.

"ಸದ್ಯ, ಅವನ ಮುಂದೆ ಹೇಳಲಿಲ್ಲ. ಗಟ್ಟಿ ಚಕ್ರ ಓಡುತ್ತೆ, ಮೆತ್ತನೆ ಚಕ್ರ ಕೂರುತ್ತೆ. ಮೂವತ್ತು ವರ್ಷದಿಂದ ಓಡಿಸ್ತಿದೀನಿ."

"ಅದು ಜಲ್ಲಿ ದಾರೀಲಿ."

"ಹುಡುಗಿ ಮಾತಾಡಿದಳು ಕಣೋ," ಎಂದ ಖಮಾದೀನ್. "ಇವತ್ತು ಮಳೆ ಗ್ಯಾರಂಟಿ."

ದಿಬ್ಬಗಳು ಶುರುವಾದವು. ಒಂದರ ಬೆನ್ನಿಗೊಂದು ಮಲಗಿದ ಹಳದಿ ಬೆಟ್ಟಗಳು, ನೆತ್ತಿಯಲ್ಲಿ ಚಾಕುವಿನಂಥ ಅಂಚು, ಅಂಚಿನ ಮೇಲೆ ಗಾಳಿ ಎಬ್ಬಿಸುವ ಮರಳಿನ ಹೊಗೆ. ಎಲ್ಲೋ ಒಂದು ಒಂಟೆಯ ಹೆಜ್ಜೆಸಾಲು ಆ ಮೆತ್ತನೆ ಇಳಿಜಾರಿನ ಮೇಲೆ ರೊಟ್ಟಿ ಒತ್ತಿದಂತೆ ಅಗಲವಾಗಿ, ಆಳವಿಲ್ಲದೆ ಮೂಡಿತ್ತು. ತಾಕಾಮಾ ಅದನ್ನೇ ನೋಡುತ್ತಿದ್ದಳು.

ಮೂರನೆಯ ಏರಿನಲ್ಲಿ ಪಿಕಪ್ ಮೂಗು ನೆಟ್ಟು ಗಕ್ಕನೆ ನಿಂತಿತು. ಖಮಾದೀನ್ ನಿಲ್ಲಲಿಲ್ಲ. ಅವನ ಹಣೆ ಗಾಜಿಗೆ ಬಡಿಯಿತು.

ಗೂಮೂರ್ ಆಕ್ಸಿಲರೇಟರ್ ತುಳಿದ. ಚಕ್ರ ಗಿರಗಿರನೆ ತಿರುಗಿತು. ಗಾಡಿ ಒಂದು ಗೇಣು ಇಳಿಯಿತು.

ತಳ್ಳಿದರು. ತೋಡಿದರು. ಗೂಮೂರ್ ಮತ್ತೆ ತುಳಿದ. ಹಿಂದೆ ತಳ್ಳುತ್ತಿದ್ದ ಖಮಾದೀನನ ತಲೆ-ಮುಖಕ್ಕೆ ಸುತ್ತಿದ ಮುಸುಕು, ಮೂಗು, ಬಾಯಿ ಎಲ್ಲಾ ಮರಳು. ಗಾಡಿಯ ಅಚ್ಚೂ ಹೂತುಹೋಯಿತು.

"ನಿನ್ನ ಗಟ್ಟಿ ಚಕ್ರ ಬಾವಿ ತೋಡ್ತಿದೆ," ಎಂದು ಉಗುಳಿದ ಖಮಾದೀನ್. "ಇಲ್ಲೇ ನೀರು ಬಂದ್ರೆ ಮೇಕೆಗಳನ್ನೇ ಕರೆಸೋಣ."

"ರಾಟೆ ಇಳಿಸಿಬಿಡೋಣ, ಭಾರ ಕಮ್ಮಿಯಾಗುತ್ತೆ," ಎಂದ ಗೂಮೂರ್. "ಹಿಟ್ಟು ಕೊಟ್ಟು ಬಂದು, ಆಮೇಲೆ ಒಯ್ದರಾಯ್ತು."

"ಮೇಕೆ ಹಿಟ್ಟು ಕುಡಿಯುತ್ತಾ, ಮಾವ?"

ಗೂಮೂರ್ ಚಹಾ ಡಬ್ಬಿಗೆ ಕೈ ಹಾಕಿದ. ಸಿಕ್ಕಿಬಿದ್ದಾಗಲೆಲ್ಲ ಅವನು ಚಹಾ ಕಾಸುತ್ತಿದ್ದ. ಮೂರು ಕಾಲಿನ ಕೆಂಡದ ಒಲೆಯನ್ನು ಮರಳ ಮೇಲಿಟ್ಟ. ಕುದಿಯುವ ಹೊತ್ತಿಗೆ ಒಂದು ಕಾಲು ಮರಳಲ್ಲಿ ಇಳಿದು, ಒಲೆ ವಾಲಿ, ಮೊದಲ ಚಹಾವನ್ನು ಮರಳು ಕುಡಿಯಿತು. ಅವನು ಗೊಣಗುತ್ತಾ ಹಿತ್ತಾಳೆ ತಟ್ಟೆಯನ್ನು ಒಲೆಯ ಅಡಿಗೆ ತಳ್ಳಿದ. ಒಲೆ ಅಲುಗಾಡದೆ ನಿಂತಿತು.

"ಒಲೆ ಹಗುರ ಆಯ್ತಾ, ಮಾವ?"

"ಅದೇ ಒಲೆ, ಅದೇ ಭಾರ. ತಟ್ಟೆ ಅಗಲ ಇದೆ, ಭಾರ ಹಂಚಿಹೋಗುತ್ತೆ. ಇಷ್ಟೂ ಗೊತ್ತಿಲ್ವಾ, ಕಾಲೇಜಲ್ಲಿ ಏನು ಹೇಳಿಕೊಟ್ರು?"

ತಾಕಾಮಾ ದೂರದ ಒಂಟೆಹೆಜ್ಜೆಯನ್ನು ನೋಡಿದಳು. ಆಮೇಲೆ ಚಕ್ರವನ್ನು ನೋಡಿದಳು. ಗೂಮೂರನೂ ನೋಡಿದ. ಹೊಸದಾಗಿ ಕಾಸಿದ ಚಹಾವನ್ನು ಕೊನೆಯ ಹನಿಯವರೆಗೂ ಹೀರಿ ಲೋಟ ಕೆಳಗಿಟ್ಟ.

"ಇಳಿಸು," ಎಂದ ಕೊನೆಗೆ. "ಯಾರೂ ನೋಡ್ತಿಲ್ಲ ತಾನೇ?"

"ನಾನಿದೀನಿ," ಎಂದ ಖಮಾದೀನ್.

"ನೀನು ಲೆಕ್ಕಕ್ಕಿಲ್ಲ."

ಗಾಳಿ ಸುಯ್ಯೆಂದಿತು. ಚಕ್ರಗಳು ಹೊಟ್ಟೆ ಅಗಲಿಸಿ ಕೂತವು. ಮರಳು ತೋಡಿ, ಇಬ್ಬರು ತಳ್ಳಿ, ಗಾಡಿ ಮೆಲ್ಲಗೆ ಎದ್ದು ದಿಬ್ಬದ ಮೇಲೆ ತೇಲಿದಂತೆ ಸಾಗಿತು. ಮರುದಿನ ಬಿಸಿಲು ಇಳಿಯುವ ಮುಂಚೆ ರಾಟೆ ಬಾವಿಯ ಮೇಲೆ ಕಿರುಗುಟ್ಟುತ್ತಿತ್ತು. ಮೇಕೆಗಳು ತೊಟ್ಟಿಯಿಂದ ತಲೆ ಎತ್ತಲಿಲ್ಲ.

ಹೊರಡುವಾಗ ತೆಹಿತ್ ಹೆಮ್ಮೆಯಿಂದ ಪಿಕಪ್ ತೋರಿಸಿದಳು. ಡೇರೆಯವರೆಲ್ಲ ಸರದಿಯ ಮೇಲೆ ಕಾಲುಪಂಪು ತುಳಿದು ನಾಲ್ಕೂ ಚಕ್ರಗಳನ್ನು ನಗಾರಿಯಂತೆ ಬಿಗಿಸಿದ್ದರು.

"ನನ್ನ ತಮ್ಮ ಅರೆಹೊಟ್ಟೆ ಚಕ್ರದಲ್ಲಿ ಬಂದಿದ್ದ. ಹಾಗೇ ಕಳಿಸಿದ್ರೆ ಜನ ಏನಂತಾರೆ?"

ತಾಕಾಮಾ ಮಾವನ ಮುಖ ನೋಡಿದಳು. ಅಕ್ಕನಿಗೆ ಎದುರಾಡುವ ಗಂಡಸು ಅವರ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಗೂಮೂರ್ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡ. ವಂದಿಸಿ ಗಾಡಿ ಹತ್ತಿದ. ಮೊದಲ ದಿಬ್ಬದ ಮರೆಗೆ ಹೋದದ್ದೇ ಇಳಿದು, ತಾನೇ ಬೆಂಕಿಕಡ್ಡಿ ಹಿಡಿದು ಚಕ್ರದ ಪಕ್ಕ ಮೊಣಕಾಲೂರಿದ.

ಎರಡು ಸಲ ತೋಡಿ, ಒಮ್ಮೆ ದಾರಿ ತಪ್ಪಿ, ಸಂಜೆಗೆ ಇಲ್ಯಾಸನ ಗುಡಿಸಲು ಮುಟ್ಟಿದರು. ಇಲ್ಯಾಸ್ ಚಕ್ರ ನೋಡಿ ತಲೆ ಆಡಿಸಿದ. "ಇದೆಂಥ ಮನೆಯವರು ಗೂಮೂರ್, ಹೀಗೆ ಕಳಿಸಿದಾರೆ?"

"ಅಕ್ಕ ಹೊಟ್ಟೆ ತುಂಬಾ ಕೊಟ್ಟಿದ್ದಳು. ನಾನೇ ದಾರೀಲಿ ಬಿಟ್ಟೆ," ಎಂದ ಗೂಮೂರ್, ತಾಕಾಮಾಳಿಗೆ ಮೊದಲ ಲೋಟ ಕೊಡುತ್ತಾ. "ಯಾಕೆ ಅಂತ ಇವಳನ್ನ ಕೇಳು. ಸ್ವಲ್ಪ ಕಾಯಬೇಕಾಗುತ್ತೆ, ಉತ್ತರ ಬರುತ್ತೆ."

ಇಲ್ಯಾಸ್ ಕಾದ. ತಾಕಾಮಾ ಒಂದು ಗುಟುಕು ಕುಡಿದು, ಒಲೆಯ ಪಕ್ಕದ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.