ಸೊಪ್ಪು ತಿನ್ನುವ ಸದ್ದು

ಭಜನೆಮನೆಯಲ್ಲಿ ಪದ ಕೇಳುತ್ತಲೇ ಬೆಳೆದವನು ನಾನು. ಹಾಡಲು ಬಾರದು, ಆದರೆ ಕಿವಿ ತಪ್ಪುವುದಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಕೆಂಚಾರ್ಲಹಳ್ಳಿಯ ನಮ್ಮ ಹುಳದ ಮನೆಗೆ ರೋಗ ಬಂತು. ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಿದ್ದ ರೇಷ್ಮೆಹುಳಗಳನ್ನೆಲ್ಲ ಜೀವಂತವಾಗಿಯೇ ಗುಂಡಿಗೆ ಸುರಿದು ಮುಚ್ಚಿದೆವು. ಅಂದಿನಿಂದ ನನ್ನ ಹೆಂಡತಿ ಗಂಗುಲಮ್ಮನಿಗೆ ನಿದ್ದೆಯಿಲ್ಲ. ಅವಳ ಮನಸ್ಸು ತಿಳಿಯಾಗಲೆಂದು ಹಿಮಾಲಯದ ಸ್ಪಿತಿ ಕಣಿವೆಗೆ ಕರೆದೊಯ್ದೆ. ಜೊತೆಗಿದ್ದವನು ಗೈಡ್ ದೋರ್ಜೆ ಒಬ್ಬನೇ.

ಹಸಿರೆಲೆಯೊಂದೂ ಇಲ್ಲದ ಆ ಎತ್ತರದಲ್ಲಿ, ನಡುಮಧ್ಯಾಹ್ನ, ಪಾಳುಬಿದ್ದ ಕಲ್ಲಿನ ಗುಡಿಸಲೊಂದರ ಮುಂದೆ ಅವಳು ನಿಂತುಬಿಟ್ಟಳು. ಒಳಗಿನಿಂದ ಜಿನುಗುಮಳೆಯಂಥ ಸದ್ದು ಬರುತ್ತಿತ್ತು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಅದು. ಮಳೆ ಬಂತೇನೋ ಎಂದು ದೋರ್ಜೆ ಕೂಡ ಆಕಾಶ ನೋಡಿದ.

ಊರಿನಲ್ಲಿ ಹುಳದ ಮನೆಗೆ ಹೋಗುವ ಮುಂಚೆ ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು ಬೂಟು ಬಿಚ್ಚಿ ಬಾಗಿಲಾಚೆ ಇಟ್ಟಳು.

"ಈ ಚಳೀಲಿ ಕಾಲ್ಬೆರಳು ಉದುರೋಗ್ತವೆ ಕಣೇ. ಊರಲ್ಲಿ ಏನಂತ ಹೇಳ್ಲಿ ನಾನು?"

"ಮೆಲ್ಲಗೆ ಮಾತಾಡ್ರೀ. ಹಸ್ಕೊಂಡಿದ್ವು, ಈಗ ತಿಂತಾವೆ" ಎಂದು ಒಳಗೆ ಹೋದಳು.

ನಾನೂ ಬಗ್ಗಿ ನೋಡಿದೆ. ಬರೀ ನೆಲ. ಆದರೆ ಮುಖಕ್ಕೆ ನಮ್ಮ ಹುಳದ ಮನೆಯ ಅದೇ ಶೆಖೆ ಬಡಿಯಿತು. ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಬೂಟು ತೊಡಿಸುವಾಗ ಅವಳ ಪಾದಗಳು ಬೆಚ್ಚಗಿದ್ದವು.

ಅಂದಿನಿಂದ ಅವಳು ಮಗುವಿನಂತೆ ನಿದ್ದೆ ಮಾಡುತ್ತಾಳೆ. ನನಗೆ ಮಾತ್ರ ನಿದ್ದೆ ಬರುವುದಿಲ್ಲ. ಊರಿನ ಹುಳದ ಮನೆಗೆ ಹಾಕಿದ ಬೀಗ ಇನ್ನೂ ಹಾಗೇ ಇದೆ. ಏಪ್ರಿಲ್ ಬಿಸಿಲು ದಿನವಿಡೀ ಅದರ ಮೇಲೆ ಬೀಳುತ್ತದೆ. ಆ ಬೀಗ ಮುಟ್ಟಿದರೆ ನನ್ನ ಬೆರಳುಗಳು ಚಳಿಗೆ ಮರಗಟ್ಟುತ್ತವೆ.